ಅತ್ತೆಯ ಪಾಲಿನ ನೀರು

ಆ ಮನೆಯ ಕುಂಡಗಳಲ್ಲಿ ಹೊಸ ಎಲೆಯನ್ನು ಮೊದಲು ಕಂಡವರು ಅಂದು ರಾತ್ರಿ ಪಾತ್ರೆ ತೊಳೆಯಬೇಕಿರಲಿಲ್ಲ.

ಕಾನೂನು ಅತ್ತೆಯದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕಂಡವರ ಮಾತನ್ನು ಕಂಡವರಿಗೆ ಜೋಡಿಸಿ ನಿವೃತ್ತರಾದವರು; ಅವರ ಬಾಯಿಂದ ಒಂದು ಸಲ ಬಂತೆಂದರೆ ಮುಗಿಯಿತು. ಎಲೆ ಪೂರ್ತಿ ಸುರುಳಿ ಬಿಚ್ಚಿರಬೇಕು, ಮೂತಿ ತೋರಿಸಿದರೆ ಸಾಲದು. ಕಂಡವರು ಎಲ್ಲರಿಗೂ ಕೇಳುವಂತೆ ಕೂಗಬೇಕು. ಇಬ್ಬರು ಒಟ್ಟಿಗೆ ಕೂಗಿದರೆ ತೀರ್ಪು ಅತ್ತೆಯದು, ಅದರ ಮೇಲೆ ಅಪೀಲಿಲ್ಲ. ಆ ದಿನ ಊಟವಾದ ಮೇಲೆ ಏನಾದರೊಂದು ಸಿಹಿ. ಏನೂ ಇಲ್ಲದಿದ್ದರೆ ಒಂದೊಂದು ಚಮಚ ಸಕ್ಕರೆ. ಅದನ್ನು ಕುಳಿತು ತಿನ್ನುವಂತಿಲ್ಲ, ಆ ಗಿಡದ ಮುಂದೆ ನಿಂತೇ ತಿನ್ನಬೇಕು.

ಹುಚ್ಚರ ಸಂತೆ ಎಂದುಕೊಂಡಿದ್ದಳು ಸೊಸೆ, ಮದುವೆಯಾಗಿ ಬಂದ ಹೊಸದರಲ್ಲಿ. ಅವಳಿಗೆ ಗಿಡಗಳ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಪಾತ್ರೆಗಳ ಮೇಲೆ ದ್ವೇಷವಿತ್ತು. ಕನ್ನಡಕದಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ಫ್ರೇಮಿಗೆ ಕೂರಿಸಿ ಬಂದವಳಿಗೆ ಮನೆಯಲ್ಲಿ ಮತ್ತೆ ಉಜ್ಜುವುದೆಂದರೆ ಮೈ ಉರಿಯುತ್ತಿತ್ತು. ಹಾಗಾಗಿ ಸಂಜೆ ಚಪ್ಪಲಿ ಬಿಟ್ಟವಳೇ ಒಂದೊಂದು ಕುಂಡದ ಮುಂದೆಯೂ ಬಗ್ಗಿ ನೋಡುವುದನ್ನು ರೂಢಿ ಮಾಡಿಕೊಂಡಳು. ವರ್ಷಗಳು ಕಳೆದ ಹಾಗೆ ಆ ಗಿಡಗಳ ಮುಖ ಅವಳಿಗೆ ಗಿರಾಕಿಗಳ ಮುಖಕ್ಕಿಂತ ಚೆನ್ನಾಗಿ ಗೊತ್ತಾಯಿತು.

ಐದನೇ ಮಹಡಿಯಲ್ಲಿ ಎರಡು ಕೋಣೆಯ ಮನೆ, ತುಂಬ ಕುಂಡಗಳು. ಫ್ರಿಜ್ಜಿನ ನೆತ್ತಿಯಿಂದ ಮನಿ ಪ್ಲಾಂಟು ಇಳಿಬಿದ್ದಿತ್ತು. ಬಾಲ್ಕನಿಯ ಬಾಗಿಲ ಪಕ್ಕದಲ್ಲಿ ನೆಟ್ಟಗೆ ನಿಂತ ರಬ್ಬರ್ ಗಿಡ. ಅದಕ್ಕೆ ಹೆಡ್‌ಮಾಸ್ಟರು ಎಂದು ಹೆಸರು. ಎಲೆಯ ತುಂಬ ತೂತುಗಳಿದ್ದದ್ದು ತೂತಪ್ಪ. ಕಿಟಕಿಯ ಕೆಳಗೆ ಬಿಳಿ ಹೂ ಬಿಡುವ ಒಂದು ಗಿಡವಿತ್ತು. ನೀರು ತುಸು ತಡವಾದರೆ ಸಾಕು, ಎಲೆಗಳನ್ನೆಲ್ಲ ಜೋಲು ಬಿಟ್ಟು ಮನೆ ಮುಳುಗಿದವರಂತೆ ಬಿದ್ದುಕೊಳ್ಳುತ್ತಿತ್ತು; ನೀರು ಹಾಕಿದರೆ ಏನೂ ಆಗೇ ಇಲ್ಲವೆಂಬಂತೆ ಎದ್ದು ಕೂರುತ್ತಿತ್ತು. ಅದು ಅಳುಮುಂಜಿ.

ಅತ್ತೆಯ ಕಿಡ್ನಿಗಳು ಕೈಕೊಟ್ಟದ್ದು ಹಿಂದಿನ ವರ್ಷ. ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮನೆಯಲ್ಲಿ ಯಾರೂ ಆ ಹೆಸರು ಹೇಳುತ್ತಿರಲಿಲ್ಲ, 'ಮಷೀನು' ಎನ್ನುತ್ತಿದ್ದರು. ಇವತ್ತು ಮಷೀನು, ಇವತ್ತು ಮಷೀನಿಲ್ಲ. ಆಲೂಗಡ್ಡೆಯನ್ನು ಎರಡು ಸಲ ಬೇಯಿಸಿ ಎರಡು ಸಲವೂ ನೀರು ಚೆಲ್ಲಬೇಕು. ಉಪ್ಪು ಹಾಕಿದ ಹಾಗೆ ಮಾಡಬೇಕು, ಹಾಕಬಾರದು. ಬೆಳಿಗ್ಗೆ ಒಂದು ಸಣ್ಣ ಬಾಟಲಿ ನೀರು ತುಂಬಿಸಿಟ್ಟರೆ ಮಲಗುವವರೆಗೂ ಅಷ್ಟೇ. ಚಹಾ, ಮಾತ್ರೆ ನುಂಗುವ ಗುಟುಕು, ಎಲ್ಲವೂ ಅದರಲ್ಲೇ. ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿಯಿಲ್ಲ. ಹೆಚ್ಚಾದದ್ದು ಮೊದಲು ಪಾದಕ್ಕೆ ಇಳಿಯುತ್ತದೆ, ಆಮೇಲೆ ಎದೆಗೆ ಏರುತ್ತದೆ.

"ಸುಮ್ನೆ ಕೂತ್ರೆ ನೀರಿನದೇ ಯೋಚನೆ ಬರತ್ತೆ. ಕೈಗೊಂದು ಕೆಲಸ ಕೊಡಿ ಅವ್ರಿಗೆ," ಎಂದಿದ್ದಳು ಮಷೀನಿನ ನರ್ಸು.

ಗಂಡ ಲಿಫ್ಟ್ ಮೆಕ್ಯಾನಿಕ್. ಕೆಟ್ಟದ್ದು ಯಾವುದೇ ಇರಲಿ, ಅದಕ್ಕೊಂದು ಬಿಡಿಭಾಗ ಸಿಕ್ಕೇ ಸಿಗುತ್ತದೆ ಎಂದು ನಂಬಿದವನು. ಅಂದು ಸಂಜೆಯೇ ಉದ್ದ ಮೂತಿಯ ಹಸಿರು ಕ್ಯಾನೊಂದನ್ನು ತಂದು ತಾಯಿಯ ತೊಡೆಯ ಮೇಲಿಟ್ಟ. "ಇನ್ಮೇಲೆ ಗಿಡಕ್ಕೆ ನೀರು ಹಾಕೋದು ಪೂರ್ತಿ ಅಮ್ಮನ ಕೆಲಸ. ಬೇರೆ ಯಾರೂ ಕೈ ಹಾಕೋ ಹಾಗಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬಾಯಾರಿದವರ ಕೈಗೆ ನೀರಿನ ಕ್ಯಾನು ಕೊಟ್ಟೆವೆಂದು ಒಬ್ಬರಿಗೂ ಹೊಳೆಯಲಿಲ್ಲ.

ತೂಕ ಏರತೊಡಗಿದ್ದು ಅದಾದ ಮೇಲೆ. ಮಷೀನಿಗೆ ಕೂರುವ ಮೊದಲು ನರ್ಸು ಅತ್ತೆಯನ್ನು ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದಳು, ಮುಳ್ಳು ನೋಡುತ್ತಿದ್ದಳು, ಆಮೇಲೆ ಸೊಸೆಯನ್ನು ನೋಡುತ್ತಿದ್ದಳು.

"ಮತ್ತೆ ನಾಲ್ಕು ಕಿಲೋ. ಏನು ಕೊಡ್ತಿದೀರಮ್ಮ ಮನೇಲಿ? ಇಷ್ಟನ್ನ ಒಂದೇ ಸಲ ಎಳೆದ್ರೆ ಹಾರ್ಟು ತಡ್ಕೊಳತ್ತಾ?"

"ಒಂದು ಬಾಟಲಿ ಬಿಟ್ರೆ ಹನಿ ಕೊಡ್ತಿಲ್ಲ, ಸಿಸ್ಟರ್."

"ಹಾಗಾದ್ರೆ ಇವರೇನು ಗಾಳಿ ಕುಡ್ದು ದಪ್ಪ ಆಗ್ತಿದಾರಾ?"

ಅತ್ತೆ ತಕ್ಕಡಿಯಿಂದ ಇಳಿದು ಚಪ್ಪಲಿಗೆ ಕಾಲು ತೂರಿಸಲು ಹೆಣಗುತ್ತಿದ್ದರು. ಪಾದ ಊದಿತ್ತು. ತಲೆ ಎತ್ತಲಿಲ್ಲ.

ಆ ರಾತ್ರಿಯ ಊಟ ಕೋರ್ಟಾಯಿತು.

"ಐಸ್ ಕ್ಯೂಬ್ ಯಾರು ಕೊಡ್ತಿರೋದು? ಈಗ್ಲೇ ಹೇಳ್ಬಿಡಿ," ಎಂದ ಗಂಡ.

"ನನ್ನನ್ಯಾಕೆ ನೋಡ್ತೀಯ ಅಪ್ಪ?" ಎಂದಳು ಮಗಳು. ಕಾಲೇಜಿಗೆ ಹೋಗುವ ಹುಡುಗಿ, ಬಾಯಿ ಅಜ್ಜಿಯದೇ. "ಫ್ರಿಜ್ಜಲ್ಲಿ ಐಸ್ ಟ್ರೇನೇ ಇಲ್ಲ. ನೀನೇ ಬಿಸಾಕಿದ್ದು."

"ಹಣ್ಣು?"

"ಹಣ್ಣು ನೋಡಿ ಎಷ್ಟು ದಿನ ಆಯ್ತು ಈ ಮನೇಲಿ? ನಾನೂ ಕಿಡ್ನಿ ಪೇಷಂಟ್ ಥರಾನೇ ತಿಂತಿದೀನಿ."

"ನಿನ್ನ ಹೆಂಡತಿ ಸಾರಿಗೆ ಉಪ್ಪು ಹಾಕಲ್ಲ, ನೀನು ಮಾತಿಗೆ ಸಕ್ಕರೆ ಹಾಕಲ್ಲ," ಎಂದರು ಅತ್ತೆ, ತಟ್ಟೆಯಲ್ಲಿದ್ದ ಸಪ್ಪೆ ಆಲೂಗಡ್ಡೆಯನ್ನು ಬೆರಳಲ್ಲಿ ಒತ್ತುತ್ತ. "ನಾನೇನು ಗೋಡೆ ನೆಕ್ತಿದೀನಾ?"

ಮಗಳು ನಕ್ಕಳು. ಗಂಡ ತಟ್ಟೆ ಬಿಟ್ಟು ಎದ್ದ. ಮರುದಿನ ನೀರಿನ ಫಿಲ್ಟರಿಗೊಂದು ಸಣ್ಣ ಬೀಗ ಬಂತು, ಅದರ ಕೀ ಅವನ ಜೇಬಿಗೆ ಹೋಯಿತು. ಬಚ್ಚಲಿನ ನಲ್ಲಿಗೆ ಬೀಗ ಹಾಕುವುದು ಹೇಗೆಂದು ಅವನಿಗೂ ತೋಚಲಿಲ್ಲ. ಗಿಡಕ್ಕೆ ಅಲ್ಲಿಂದಲೇ ನೀರು ಹಿಡಿಯಬೇಕಲ್ಲ.

ಆ ವಾರದಲ್ಲೇ ಒಂದು ಸಂಜೆ ಸೊಸೆ ಎಂದಿನಂತೆ ಎಲೆ ಹುಡುಕುತ್ತ ಬಗ್ಗಿದಳು. ಅಳುಮುಂಜಿ ಬಿದ್ದುಕೊಂಡಿತ್ತು. ಈಗಷ್ಟೇ ಅತ್ತೆ ಕ್ಯಾನು ಹಿಡಿದು ಮನೆಯಿಡೀ ಸುತ್ತಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಮಣ್ಣಿಗೆ ಬೆರಳು ತೂರಿಸಿದಳು. ಬೂದಿ. ಹೆಡ್‌ಮಾಸ್ಟರಿನ ಬುಡಕ್ಕೆ ಬೆರಳು ಹಾಕಿದಳು. ಅದೂ ಬೂದಿ. ಕುಂಡದ ಅಂಚಿನಿಂದ ಮಣ್ಣು ಬಿಟ್ಟುಕೊಂಡಿತ್ತು. ತೂತಪ್ಪನ ಎರಡು ಎಲೆಗಳ ಅಂಚು ಸುಟ್ಟ ಕಾಗದದಂತಾಗಿತ್ತು. ಕ್ಯಾನು ಮಾತ್ರ ಖಾಲಿ.



ಮರುದಿನ ಅಂಗಡಿಗೆ ರಜೆ ಹೇಳಿದಳು. ಗಂಡ, ಮಗಳು ಹೊರಟ ಮೇಲೆ ತಾನೂ ಹೋದಂತೆ ಬಾಗಿಲು ಸದ್ದು ಮಾಡಿ, ಅಡುಗೆಮನೆಯಲ್ಲಿ ನಿಂತಳು. ಅತ್ತೆ ಬಚ್ಚಲಿನಿಂದ ಕ್ಯಾನು ತುಂಬಿಸಿಕೊಂಡು ಬಂದರು. ಹೆಡ್‌ಮಾಸ್ಟರಿನ ಹಿಂದೆ, ಗೋಡೆಗೆ ಮುಖ ಮಾಡಿ ನಿಂತರು. ಉದ್ದ ಮೂತಿಯನ್ನು ಬಾಯಿಗಿಟ್ಟುಕೊಂಡರು. ಗಂಟಲಿನ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ಕುಡಿದು ಮುಗಿಸಿದ ಮೇಲೆ ರಬ್ಬರ್ ಗಿಡದ ಒಂದು ಎಲೆಯನ್ನು ಹಿಡಿದುಕೊಂಡು, ಅದರ ಹಿಂಬದಿಗೆ ಬಾಯಿ ಒರೆಸಿಕೊಂಡರು.

"ಅತ್ತೆ."

ಕ್ಯಾನು ಬೀಳಲಿಲ್ಲ. ಅತ್ತೆ ತಿರುಗಲೂ ಇಲ್ಲ. "ನೋಡಿದ್ಯಾ?" ಎಂದರು ಗೋಡೆಗೆ.

"ನೋಡ್ದೆ. ಅದು ನೀರಲ್ಲ ಅತ್ತೆ, ನಿಮ್ಗೆ ಅದು ವಿಷ."

"ನೀನು ಅಂಗಡಿಯಿಂದ ಬಂದು ಗಟಗಟ ಒಂದು ಚೊಂಬು ಕುಡೀತೀಯಲ್ಲ, ಆ ಸದ್ದು ನನ್ನ ಕೋಣೆಗೆ ಬರತ್ತೆ. ಪಕ್ಕದ ಮನೆಯವರು ಫ್ಲಶ್ ಮಾಡಿದ್ರೂ ನನ್ನ ಬಾಯಿ ತೆರ್ಕೊಳತ್ತೆ. ನಗ್ಬೇಡ."

ಸೊಸೆ ನಕ್ಕಿರಲಿಲ್ಲ.

"ಅವನಿಗೆ ಹೇಳ್ಬೇಡ ಕಣೇ. ಕಮ್ಮಿ ಮಾಡ್ತೀನಿ. ದಿನಾ ಒಂದೇ ಗುಟುಕು. ಮಿಕ್ಕಿದ್ದು ಇವಕ್ಕೆ."

ಇಷ್ಟು ವರ್ಷದಲ್ಲಿ ಅತ್ತೆ ಅವಳಲ್ಲಿ ಏನನ್ನೂ ಬೇಡಿದವರಲ್ಲ; ಹೇಳುತ್ತಿದ್ದರು, ಅಷ್ಟೇ. ಆ ದನಿ ಕೇಳಿ ಸೊಸೆಗೆ ಮೈಯೆಲ್ಲ ಹಿಡಿಯಾದಂತಾಯಿತು. "ಒಂದೇ ಗುಟುಕು," ಎಂದಳು. ಅಲ್ಲಿಂದ ಬಾಯಿಗೆ ಬೀಗ ಹಾಕಿಕೊಂಡಳು. ಮನೆಯಲ್ಲಿ ಅದು ಎರಡನೇ ಬೀಗ.

ಅಂಗಡಿಗೆ ಹೋಗುವ ಮೊದಲು ಗಿಡಗಳಿಗೆ ಕದ್ದು ತಾನೇ ನೀರು ಹಾಕತೊಡಗಿದಳು. ಅಳುಮುಂಜಿ ಎದ್ದು ಕೂತಿತು. ಅದನ್ನು ನೋಡಿ ಎಲ್ಲ ಸರಿಹೋಗುತ್ತಿದೆ ಎಂದು ಅವಳಿಗೂ ಅನ್ನಿಸತೊಡಗಿತು. ಆದರೆ ಅತ್ತೆಯ ಒಂದು ಗುಟುಕು ಗುಟುಕಾಗಿ ಉಳಿದಿರಲಿಲ್ಲ. ಎರಡು ವಾರ ಕಳೆದ ಒಂದು ಭಾನುವಾರ ಮಧ್ಯಾಹ್ನ ಊಟದ ನಡುವೆ ಅತ್ತೆ ತುತ್ತನ್ನು ತಟ್ಟೆಗೆ ವಾಪಸ್ ಇಟ್ಟು, ಮೇಜಿನ ಅಂಚು ಹಿಡಿದುಕೊಂಡರು. ಉಸಿರು ಒಳಗೆ ಹೋಗುತ್ತಿರಲಿಲ್ಲ. ತುಟಿ ನೀಲಿಗಟ್ಟಿತು. ಎದೆಯೊಳಗೆ ಕೆಟಲಿನಲ್ಲಿ ನೀರು ಕುದಿಯುವಂಥ ಸದ್ದು.

ಆಸ್ಪತ್ರೆಯ ಕಾರಿಡಾರಿನಲ್ಲಿ, ಒಳಗೆ ಮಷೀನು ಓಡುತ್ತಿದ್ದಾಗ, ಸೊಸೆ ಗಂಡನಿಗೆ ಎಲ್ಲವನ್ನೂ ಹೇಳಿದಳು.

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ಎರಡು ವಾರ."

"ಎರಡು ವಾರ," ಎಂದ ಅವನು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ನಾನು ಫಿಲ್ಟರಿಗೆ ಬೀಗ ಹಾಕಿ ಕೀ ಜೇಬಲ್ಲಿಟ್ಕೊಂಡು ಓಡಾಡ್ತಿದೀನಿ. ನೀನು ಅಮ್ಮನ್ನ ಕೈಯಾರೆ ಮುಳುಗಿಸ್ತಿದ್ದೆ."

"ಕಾಲು ಹಿಡಿಯೋ ಥರ ಬೇಡ್ಕೊಂಡ್ರು ರೀ. ನೀವಾಗಿದ್ರೆ?"

ಅವನು ಎದ್ದು ಮನೆಗೆ ಹೋದ. ಕಟ್ಟಡದ ಲಿಫ್ಟಿನ ಬಾಗಿಲಿಗೆ ಸ್ಟೂಲು ಅಡ್ಡ ಇಟ್ಟು, ಕುಂಡಗಳನ್ನೆಲ್ಲ ಅದರೊಳಗೆ ತುಂಬಿದ. ಒಂದೊಂದು ಮಹಡಿಯಲ್ಲೂ ನಿಲ್ಲಿಸಿ, ಬಾಗಿಲು ತಟ್ಟಿ, ಯಾರಿಗೆ ಬೇಕೋ ತಗೊಳ್ಳಿ ಎಂದು ಹಂಚಿಬಿಟ್ಟ. ಸೊಸೆ ಸಂಜೆ ಬಂದಾಗ ನೆಲದ ಮೇಲೆ ಕುಂಡಗಳಿದ್ದಲ್ಲೆಲ್ಲ ದುಂಡನೆಯ ಕಲೆಗಳಿದ್ದವು. ಮನೆ ದೊಡ್ಡದಾಗಿ, ಪೆದ್ದುಪೆದ್ದಾಗಿ ಕಾಣುತ್ತಿತ್ತು.

"ಗಿಡ ಇಲ್ಲ, ಕ್ಯಾನಿಲ್ಲ, ಬಚ್ಚಲಿಗೆ ಒಬ್ರೇ ಹೋಗೋದೂ ಇಲ್ಲ," ಎಂದ ಗಂಡ. "ಮುಗೀತು."

ಅತ್ತೆ ಮನೆಗೆ ಬಂದವರು ಆ ಕಲೆಗಳನ್ನು ಒಂದೊಂದಾಗಿ ನೋಡಿದರು. ಮುಂದಿನ ಮಷೀನು ದಿನ ಆಸ್ಪತ್ರೆಗೆ ಕರೆದೊಯ್ಯುವ ಬಾಡಿಗೆ ಕಾರು ಕೆಳಗೆ ಬಂದು ನಿಂತಾಗ, ಹಾಸಿಗೆಯ ಮೇಲೆ ಕೂತೇ ಇದ್ದರು.

"ಕಾರು ವಾಪಸ್ ಕಳಿಸು."

"ಅಮ್ಮ, ತಮಾಷೆ ಬೇಡ."

"ನಾನು ಬರಲ್ಲ."

"ಅಜ್ಜಿ, ಹೋಗ್ದಿದ್ರೆ ಏನಾಗತ್ತೆ ಗೊತ್ತಾ ನಿಂಗೆ?" ಮಗಳ ದನಿ ಆಗಲೇ ಒಡೆದಿತ್ತು.

"ಗೊತ್ತು ಪುಟ್ಟ. ಭಾನುವಾರ ಟ್ರೈಲರ್ ನೋಡಿದೀನಲ್ಲ."

ಗಂಡ ಮಂಡಿಯೂರಿ ತಾಯಿಯ ಚಪ್ಪಲಿ ಹಿಡಿದುಕೊಂಡು ಊದಿದ ಪಾದವನ್ನು ತೂರಿಸಲು ನೋಡಿದ. ಅವರು ಕಾಲನ್ನು ಹಾಸಿಗೆಯ ಮೇಲಕ್ಕೆಳೆದುಕೊಂಡರು. ಅವನು ಬೈದ, ಆಣೆ ಹಾಕಿದ, ಕೊನೆಗೆ ಅತ್ತ. ಕೆಳಗೆ ಕಾರು ಹಾರ್ನ್ ಹೊಡೆದು ಹೊಡೆದು ಹೋಯಿತು. ಆಸ್ಪತ್ರೆಯಿಂದ ಫೋನು ಬಂತು. ಮುಂದಿನ ಸರದಿಗೂ ಕಾರು ಖಾಲಿಯೇ ಹೋಯಿತು. ಅತ್ತೆ ತಮ್ಮ ಬಾಟಲಿಯ ನೀರನ್ನೂ ಮುಟ್ಟುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಒಡ್ಡಿ ಕೂತೇ ಇರುತ್ತಿದ್ದರು. ಮುಖ ಊದಿ ಕಣ್ಣುಗಳು ಗೆರೆಗಳಾಗಿದ್ದವು. ಮನೆಯಲ್ಲಿ ಯಾರೂ ಜೋರಾಗಿ ನಲ್ಲಿ ತಿರುಗಿಸುತ್ತಿರಲಿಲ್ಲ. ಮಗಳು ಲೋಟ ಹಿಡಿದುಕೊಂಡು ನೀರು ಕುಡಿಯಲು ಹೊರಗೆ ಮೆಟ್ಟಿಲ ಬಳಿ ಹೋಗುತ್ತಿದ್ದಳು.

ಸೊಸೆ ಅತ್ತೆಯ ಪಕ್ಕ ಕೂತಳು.

"ನನ್ನ ಮೇಲೆ ಕೋಪ ಇದ್ರೆ ನಂಗೆ ಹೊಡೀರಿ ಅತ್ತೆ. ಮಷೀನಿಗೆ ಹೋಗ್ಬನ್ನಿ."

"ನಿನ್ನ ಮೇಲೇನು ಕೋಪ?" ಒಂದೊಂದು ಮಾತಿಗೂ ಒಂದೊಂದು ಉಸಿರು ಬೇಕಾಗಿತ್ತು. "ಕುಡಿದದ್ದು ನಾನು. ಕುಡಿದದ್ದು ಅವುಗಳ ಪಾಲು. ಒಣಗಿದ್ದೂ ಅವೇ. ಮನೆ ಬಿಟ್ಟು ಹೋಗಿದ್ದೂ ಅವೇನಾ? ನನ್ನನ್ನಲ್ವಾ ಲಿಫ್ಟಲ್ಲಿ ತುಂಬ್ಬೇಕಿದ್ದಿದ್ದು?"

"ಗಿಡ ಅಲ್ವಾ ಅತ್ತೆ..."

"ಗಿಡ. ಹೂಂ. ಬೆಳಿಗ್ಗೆ ಎದ್ದು ಅವುಗಳ ಮುಖ ನೋಡ್ತಿದ್ದೆ. ಈಗ ಎದ್ರೆ ತಕ್ಕಡಿ ಮುಖ."

ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದ ಗಂಡ ಹಾಗೇ ತಿರುಗಿ ಹೊರಟ. ಸೊಸೆ ಅವನ ಹಿಂದೆ ಓಡಿದಳು.

ನೆಲಮಹಡಿಯಿಂದ ಶುರು ಮಾಡಿದರು. ದಂತವೈದ್ಯರ ಮನೆಯಲ್ಲಿ ಮನಿ ಪ್ಲಾಂಟು ಸಿಕ್ಕಿತು. ವೈದ್ಯರ ಹೆಂಡತಿ "ಕೊಟ್ಟು ಕಿತ್ಕೊಳ್ಳೋದು ಅಂದ್ರೆ ಇದೇ," ಎಂದು ಮುಖ ಸಿಂಡರಿಸಿದಳು. ಮೊದಲ ಮಹಡಿಯ ದರ್ಜಿ ತೂತಪ್ಪನ ಎಲೆಗಳನ್ನೆಲ್ಲ ಕತ್ತರಿಸಿ ಹೂದಾನಿಯಲ್ಲಿ ಇಟ್ಟುಬಿಟ್ಟಿದ್ದ. ಬೋಳು ಕಾಂಡವನ್ನು ಕುಂಡದ ಸಮೇತ ವಾಪಸ್ ಕೊಟ್ಟ. ಮೂರನೇ ಮಹಡಿಯ ಅಕೌಂಟೆಂಟನ ಬಚ್ಚಲಿನಲ್ಲಿ ಹೆಡ್‌ಮಾಸ್ಟರು ಒದ್ದೆ ಟವೆಲ್ಲು ಹೊದ್ದುಕೊಂಡು ನಿಂತಿದ್ದರು.

"ಬಟ್ಟೆ ಒಣಹಾಕೋಕೆ ಚೆನ್ನಾಗಿತ್ತು ಇದು," ಎಂದ ಅವನು, ಟವೆಲ್ಲು ತೆಗೆದುಕೊಳ್ಳುತ್ತ.

"ಸಾರ್, ನಮ್ಮಮ್ಮ ಸಾಯ್ತಿದಾಳೆ," ಎಂದುಬಿಟ್ಟ ಗಂಡ.

ಆ ಮಾತು ಅತ್ತೆಯ ಮನೆಯವರ ಬಾಯಲ್ಲಿ ಬಂದದ್ದು ಅದೇ ಮೊದಲು. ಅಕೌಂಟೆಂಟು ಹೆಡ್‌ಮಾಸ್ಟರಿನ ಒಂದು ಬದಿ ಹಿಡಿದು ಲಿಫ್ಟಿನವರೆಗೂ ಬಂದ.

ಆರನೇ ಮಹಡಿಯಲ್ಲಿ ಸಂಗೀತದ ಟೀಚರು ಒಬ್ಬರೇ ಇದ್ದರು. ಅಳುಮುಂಜಿ ಅವರ ಪಾಲಿಗೆ ಹೋಗಿತ್ತು.

"ಅದು ಸತ್ತೋಯ್ತಪ್ಪ. ತಂದ ಮಾರನೇ ದಿನಾನೇ ಬಿದ್ಕೊಂಡಿತ್ತು. ಸತ್ತಿದೆ ಅಂದ್ಕೊಂಡು ಕಸಕ್ಕೆ ಹಾಕ್ಬಿಟ್ಟೆ."

"ನೀರು ಹಾಕಿದ್ರೆ ಏಳ್ತಿತ್ತು," ಎಂದಳು ಸೊಸೆ.

"ನಂಗೇನು ಗೊತ್ತು? ಯಾರೂ ಹೇಳ್ಲಿಲ್ಲ."

ಸೊಸೆ ಬಾಗಿಲ ಚೌಕಟ್ಟಿಗೆ ಒರಗಿದಳು. ಅವಳ ಕಣ್ಣಿನಿಂದ ನೀರು ಇಳಿಯುವುದನ್ನು ನೋಡಿ ಟೀಚರು ಗಾಬರಿಯಾಗಿ ಒಳಗೆ ಹೋದರು. ಬಾಲ್ಕನಿಯಿಂದ ಒಂದು ಪ್ಲಾಸ್ಟಿಕ್ ಟಬ್ಬನ್ನು ಎಳೆದುಕೊಂಡು ಬಂದರು. ಅದರಲ್ಲಿ ಉದ್ದುದ್ದ ಕಡ್ಡಿಗಳು, ಒಂದೊಂದರ ತುದಿಯಲ್ಲೂ ಛತ್ರಿಯಂತೆ ಬಿಚ್ಚಿದ ಹಸಿರು ಹುಲ್ಲು. ಬುಡದಲ್ಲಿ ಕೆಸರು.

"ಇದನ್ನ ತಗೊಂಡ್ಹೋಗಿ. ಇದು ಜೌಗಿನ ಗಿಡ. ಯಾವಾಗ್ಲೂ ಕಾಲು ನೀರಲ್ಲೇ ಇರ್ಬೇಕು. ಎಷ್ಟು ಹಾಕಿದ್ರೂ ಬೇಡ ಅನ್ನಲ್ಲ."

ಸಿಕ್ಕಷ್ಟನ್ನು ತಂದು ಅತ್ತೆಯ ಹಾಸಿಗೆಯ ಸುತ್ತ ಇಟ್ಟರು. ಅರ್ಧಕ್ಕರ್ಧ ಇರಲಿಲ್ಲ, ಇದ್ದವುಗಳಲ್ಲಿ ಅರ್ಧಕ್ಕೆ ಜೀವವಿರಲಿಲ್ಲ. ಅತ್ತೆ ತೂತಪ್ಪನ ಬೋಳು ಕಾಂಡವನ್ನು ಮುಟ್ಟಿದರು. ಒದ್ದೆ ಬಟ್ಟೆ ಕೊಡು ಎಂದು ಕೈಸನ್ನೆ ಮಾಡಿದರು. ಹೆಡ್‌ಮಾಸ್ಟರಿನ ಎಲೆ ಒರೆಸಿದರು. ಎರಡು ಎಲೆಗೇ ಕೈ ಸೋತಿತು.

"ಅಳುಮುಂಜಿ?"

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ನೆಲ ನೋಡಿದಳು.

"ಹೋಯ್ತಾ," ಎಂದರು ಅತ್ತೆ. ಗಂಡ ಹಾಸಿಗೆಯ ಅಂಚಿಗೆ ತಲೆಯಿಟ್ಟಿದ್ದ. ಅತ್ತೆಯ ಕೈ ಅವನ ತಲೆಯ ಮೇಲೆ ಹೋಗಲೋ ಬೇಡವೋ ಎಂಬಂತೆ ನಿಂತು, ಕೊನೆಗೆ ಹೋಯಿತು. "ಕಾರಿಗೆ ಫೋನ್ ಮಾಡು. ಬರ್ತೀನಿ. ಆದ್ರೆ ಒಂದು ಮಾತು."

"ಹೇಳಮ್ಮ. ಏನು ಬೇಕಾದ್ರೂ."

"ಇನ್ಮೇಲೆ ನೀರು ಇವಳು ಹಾಕ್ಲಿ. ದಿನಾ, ನನ್ನ ಮುಂದೆ. ನಾನು ಮುಟ್ಟಲ್ಲ, ನೋಡ್ತೀನಿ."

"ಅಷ್ಟೇನಾ?"

"ಅಷ್ಟೇ."

ಗಂಡ ಫೋನು ಹಿಡಿದು ಕೆಳಗೆ ಓಡಿದ. ಮಗಳು ಅಜ್ಜಿಯ ಚಪ್ಪಲಿ ಹುಡುಕತೊಡಗಿದಳು. ಸೊಸೆ ಬಚ್ಚಲಿನಿಂದ ಬಕೆಟ್ಟಿನಲ್ಲಿ ನೀರು ಹಿಡಿದು ತಂದು, ಚೊಂಬಿನಿಂದ ಒಂದೊಂದು ಕುಂಡಕ್ಕೂ ಹಾಕಿದಳು. ಮನಿ ಪ್ಲಾಂಟಿಗೆ ಅರ್ಧ ಚೊಂಬು. "ಸಾಕು," ಎಂದರು ಅತ್ತೆ. ಹೆಡ್‌ಮಾಸ್ಟರಿಗೆ ಒಂದು ಚೊಂಬು. "ಸಾಕು." ಬೋಳು ಕಾಂಡಕ್ಕೂ ಒಂದಿಷ್ಟು. "ಸಾಕು." ಒಣಗಿದ ಮಣ್ಣು ನೀರನ್ನು ಒಳಗೆಳೆದುಕೊಳ್ಳುವಾಗ ಚಿಟಿಚಿಟಿ ಸದ್ದು ಬರುತ್ತಿತ್ತು. ಆ ಸದ್ದಿಗೆ ಅತ್ತೆಯ ತುಟಿ ಅಲುಗುತ್ತಿತ್ತು.

ಕೊನೆಗೆ ಟಬ್ಬಿನ ಗಿಡ ಉಳಿಯಿತು. ಒಂದು ಚೊಂಬು ಹಾಕಿ ಸೊಸೆ ಅತ್ತೆಯನ್ನು ನೋಡಿದಳು.

"ಇನ್ನೊಂದು."

ಹಾಕಿದಳು.

"ಇನ್ನೂ ಹಾಕು. ಮೇಲಿಂದ ಹಾಕು, ಸದ್ದಾಗ್ಲಿ."

ಸೊಸೆ ಚೊಂಬನ್ನು ಎತ್ತರಕ್ಕೆ ಹಿಡಿದು ಸುರಿದಳು. ಛತ್ರಿಗಳು ನಡುಗಿದವು. ಅತ್ತೆ ಕಾಲು ನೆಲಕ್ಕಿಳಿಸಿ ದಿಂಬಿನಿಂದ ಮುಂದಕ್ಕೆ ಬಾಗಿದ್ದರು. ಊದಿದ ರೆಪ್ಪೆಗಳ ನಡುವಿನ ಗೆರೆಗಳು ಅಗಲವಾಗಿದ್ದವು. ಪ್ರತಿ ಸಲ ನೀರು ಬಿದ್ದಾಗಲೂ ಅವರ ಗಂಟಲು ಮೇಲಕ್ಕೆ ಹೋಗಿ ಕೆಳಕ್ಕೆ ಬರುತ್ತಿತ್ತು, ಬಾಯಲ್ಲಿ ಏನೂ ಇಲ್ಲದೆ. ಟಬ್ಬು ತುಂಬಿತು. ಅಂಚಿನಲ್ಲಿ ನೀರು ಉಬ್ಬಿ ನಿಂತು, ಆಮೇಲೆ ಹೊರಗೆ ಇಳಿಯಿತು.

"ಅತ್ತೆ, ಅದಕ್ಕೆ ಸಾಕಾಗಿದೆ."

"ಅದಕ್ಕೆ ಸಾಕಾಗಿರ್ಬೋದು ಕಣೇ. ನೀನು ಹಾಕು."

ಕೆಳಗಿನಿಂದ ಹಾರ್ನ್ ಕೇಳಿತು. ಮಗಳು ಚಪ್ಪಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ನೀರು ನೆಲದ ಮೇಲೆ ಹರಡುತ್ತ ಹಾಸಿಗೆಯತ್ತ ಬಂದು ಅತ್ತೆಯ ಪಾದಗಳನ್ನು ಮುಟ್ಟಿತು. ಅವರು ಪಾದ ಎತ್ತಿಕೊಳ್ಳಲಿಲ್ಲ. ಸೊಸೆ ಬಕೆಟ್ಟಿನೊಳಗೆ ನೋಡಿದಳು. ತಳ ಕಾಣುತ್ತಿತ್ತು. ಅದನ್ನೆತ್ತಿಕೊಂಡು ಮತ್ತೆ ತುಂಬಿಸಲು ಬಚ್ಚಲಿಗೆ ಹೋದಳು, ನಲ್ಲಿಯನ್ನು ಪೂರ್ತಿ ತಿರುಗಿಸಿದಳು.